ಸದರಿ ಎಲೆಗಳ ಪಂಚನಾಮೆ

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ವಿಶ್ವವಿದ್ಯಾಲಯದ ಪ್ರೊಫೆಸರರು ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮೇಡಂ ಮುಂದೆ ಹನ್ನೊಂದು ಹಾಳೆ ಹರಡಿದರು. ಹನ್ನೊಂದು ಮಂದಿ ವಿದ್ಯಾರ್ಥಿಗಳು ಬರೆದ ಸಂಶೋಧನಾ ಪ್ರಬಂಧಗಳ ಇಂಗ್ಲಿಷ್ ಸಾರಾಂಶ.

“ಇವರಿಗೆ ನೆಟ್ಟಗೆ ನಾಲ್ಕು ಸಾಲು ಇಂಗ್ಲಿಷ್ ಬರಲ್ಲ ಮೇಡಂ. ಈಗ ನೋಡಿದ್ರೆ ಎಲ್ಲಾ ಒಂದೇ ಅಚ್ಚು! ಯಾರೋ ಬರ್ಕೊಡ್ತಿದಾರೆ. ಅದು ಯಾರು ಅಂತ ಗೊತ್ತಾಗೋವರೆಗೂ ಒಬ್ಬರಿಗೂ ಪದವಿ ಇಲ್ಲ.”

“ಎಫ್‌ಐಆರ್ ಆಮೇಲೆ. ಮೊದಲು ವಿಚಾರಿಸ್ತೀನಿ,” ಎಂದರು ಮೇಡಂ. ಇಪ್ಪತ್ತಾರು ವರ್ಷಗಳಿಂದ ಊರಿನ ದೂರನ್ನೆಲ್ಲ ಬರೆದುಕೊಂಡ ಠಾಣೆಯ ರೈಟರು, ಮೂಲೆಯ ಮೇಜಿನಲ್ಲಿ ಇದನ್ನೂ ಬರೆದುಕೊಂಡರು.

ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಮೇಡಂಗೆ ನಗು ತಡೆಯಲಾಗಲಿಲ್ಲ. ಸಸ್ಯಶಾಸ್ತ್ರದ ಹುಡುಗಿಯ ಇಂಗ್ಲಿಷ್ ಹೀಗೆ ಹೇಳುತ್ತಿತ್ತು: ಇಂಥ ದಿನ, ಇಂಥ ತೋಟದಲ್ಲಿ, ಇಬ್ಬರು ಸಾಕ್ಷಿಗಳ ಸಮಕ್ಷಮ ಸದರಿ ಎಲೆಗಳನ್ನು ಪರಿಶೀಲಿಸಲಾಗಿ, ಅಂಚಿನಲ್ಲಿ ರೋಗ ಕಂಡುಬಂದಿರುತ್ತದೆ. ಅಯ್ಯೋ, ಇದು ಅಪ್ಪಟ ಪಂಚನಾಮೆ! ದಿನಾ ಓದಿ ಸಹಿ ಹಾಕುವ ಧಾಟಿ ಗುರುತು ಸಿಗದೆ ಇರುತ್ತದೆಯೇ? ಮೇಡಂ ನಗು ಅಲ್ಲಿಗೇ ನಿಂತಿತು. ಮೂಲೆಯಲ್ಲಿ ರೈಟರು ತಲೆ ಎತ್ತಲಿಲ್ಲ.

ಮಧ್ಯಾಹ್ನ ಮೂರಕ್ಕೆ ಆ ಹುಡುಗಿಯ ವಿಚಾರಣೆ.

“ಯಾರು ಬರ್ಕೊಟ್ರು?”

“ನಾನೇ ಬರ್ದಿದ್ದು.”

“ಪಂಚನಾಮೆ ಬರೆಯೋಕೆ ಎಲ್ಲಿ ಕಲಿತೆ?”

ಹುಡುಗಿ ಅಳಲು ಶುರುಮಾಡಿದಳು. “ಬ್ಯಾಗ್ ಕಳೆದೋಯ್ತು ಅಂತ ಇಲ್ಲಿಗೆ ಬಂದಿದ್ದೆ. ಸಾರಾಂಶ ನಾಲ್ಕು ಸಲ ವಾಪಸ್ ಬಂದಿತ್ತು, ತಲೆ ಕೆಟ್ಟೋಗಿತ್ತು. ರೈಟರ್ ಅಂಕಲ್ ಕೇಳಿದ್ರು: ಯಾವತ್ತು, ಎಲ್ಲಿ, ಏನು ನೋಡ್ದೆ, ಏನು ಸಿಕ್ತು, ಮುಂದೇನು? ನಮ್ಮ ಮಾತಲ್ಲೇ ಹೇಳ್ದೆ, ಬರ್ಕೊಂಡು ಕೊಟ್ರು. ಇಂಗ್ಲಿಷ್ ಮಾಡಿದ್ದು ನಾನೇ. ಆಮೇಲೆ ಗೆಳೆಯರನ್ನೂ ಕರ್ಕೊಂಡು ಬಂದೆ. ಅಂಕಲ್‌ಗೆ ಇಂಗ್ಲಿಷೇ ಬರಲ್ಲ ಮೇಡಂ!”

ಮರುದಿನ ಹನ್ನೊಂದು ಗಂಟೆಗೆ ಪ್ರೊಫೆಸರರ ಎದುರಿಗೇ ಪರೀಕ್ಷೆ. ಅವರೇ ಆರಿಸಿದ ಹೊಸ ವಿದ್ಯಾರ್ಥಿಗೆ ರೈಟರು ಅವೇ ಐದು ಪ್ರಶ್ನೆ ಕೇಳಿದರು. ಅರ್ಧ ಗಂಟೆಯಲ್ಲಿ ಹುಡುಗ ಇಂಗ್ಲಿಷ್ ಹಾಳೆ ಮುಂದಿಟ್ಟ. ಪ್ರೊಫೆಸರರು ಎರಡು ಸಲ ಓದಿದರು.

“ಇವನು ಏನು ಮಾಡಿದ್ದಾನೆ ಅಂತ ನನಗೆ ಇವತ್ತು ಅರ್ಥ ಆಯ್ತು,” ಎಂದು ಮೆಲ್ಲಗೆ ಹೇಳಿ, ದೂರು ವಾಪಸ್ ಪಡೆದರು. ಹನ್ನೊಂದು ಪದವಿಯೂ ಉಳಿಯಿತು.

ರೈಟರು ಮಾತ್ರ ಎದ್ದು ನಿಂತರು. “ಠಾಣೆ ಹೊತ್ತಲ್ಲಿ ಮಾಡಿದ್ದು ತಪ್ಪು. ಕ್ರಮ ತಗೊಳ್ಳಿ ಮೇಡಂ.”

“ಯಾಕೆ ಮಾಡಿದ್ರಿ?”

“ನನ್ ಮಗಳು ಇನ್ನೂರು ಪುಟ ಬರ್ದು, ಈ ಒಂದು ಪುಟ ಇಂಗ್ಲಿಷಿಗೆ ಸೋತು ಓದೇ ಬಿಟ್ಬಿಟ್ಲು. ಏಳು ವರ್ಷ ಆಯ್ತು. ಊರಿಗೆಲ್ಲ ಪ್ರಶ್ನೆ ಕೇಳೋನು ನಾನು, ಏನ್ ಬರ್ದಿದ್ಯಮ್ಮಾ ಅಂತ ಅವಳನ್ನ ಒಂದ್ಸಲನೂ ಕೇಳ್ಲಿಲ್ಲ.”

ಮೇಡಂ ಟೋಪಿ ಎತ್ತಿಕೊಂಡರು. “ಈಗ ನೀವು ನನ್ನ ವಶದಲ್ಲಿದೀರ. ಜೀಪ್ ಹತ್ತಿ.”

ಒಂದೂವರೆಗೆ ಜೀಪು ಔಷಧಿ ಅಂಗಡಿಯ ಮುಂದೆ ನಿಂತಿತು. ಒಳಗೆ ಮಗಳು ಮಾತ್ರೆ ಡಬ್ಬಿ ಜೋಡಿಸುತ್ತಿದ್ದಳು. ರೈಟರು ಪೆನ್ನು ತೆಗೆದರು.

“ಅವತ್ತು ಏನ್ ಕಂಡುಹಿಡಿದಿದ್ಯಮ್ಮಾ ನೀನು?”

ಮಗಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿ ಕೆಳಗಿಟ್ಟು ಸ್ಟೂಲು ಎಳೆದಳು.

“ಕೂತ್ಕೋ ಅಪ್ಪ. ಹೇಳೋದು ತುಂಬಾ ಇದೆ.”