ಅವನು ಒಪ್ಪಿಕೊಂಡ ತಪ್ಪು

“ನನ್ನಣ್ಣನ್ನ ಕೊಂದಿದ್ದು ನೀವೇನಾ?”

ಅವಳ ಕೂಗಿಗೆ ಸುಟ್ಟಗಾಯದ ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೊದಿಕೆ ಹೊದ್ದು ಕೂತಿದ್ದ ಎಂಜಿನಿಯರ್ ತಲೆ ಎತ್ತಿದ.

“ಹೌದು. ಕೊಳವೆ ಬಿಸಿಯಾಗೋಕೆ ಮುಂಚೆ ಗ್ಯಾಸ್ ಬಿಟ್ಟೆ. ತಪ್ಪು ನಂದೇ.”

ಛಟೀರ್! ಅವನ ಕೆನ್ನೆಗೆ ಏಟು ಬಿತ್ತು.

ಕಾರ್ಖಾನೆಗೆ ಆ ಕೊಳವೆ ಮಾಡಿಕೊಟ್ಟಿದ್ದು ಅವಳೇ. ಮೇಲೆ ಕೂದಲಿಗಿಂತ ತೆಳುವಾದ ಪಲ್ಲೇಡಿಯಂ ಲೋಹದ ಪೊರೆ. ಬೆರೆತ ಅನಿಲಗಳಲ್ಲಿ ಹೈಡ್ರೋಜನ್ ಒಂದನ್ನೇ ಅದು ಆಚೆಗೆ ದಾಟಿಸುತ್ತದೆ, ಉಳಿದವಕ್ಕೆ ದಾರಿಯಿಲ್ಲ. ಆದರೆ ಚೆನ್ನಾಗಿ ಕಾದಿರಬೇಕು. ತಣ್ಣಗಿರುವಾಗ ಹೈಡ್ರೋಜನ್ ಒಳಹೊಕ್ಕರೆ ಲೋಹ ಉಬ್ಬಿ ಬಿರುಕು ಬಿಡುತ್ತದೆ.

ಅಂದು ಹಾಗೇ ಬಿರಿಯಿತು. ಸೋರಿದ ಅನಿಲಕ್ಕೆ ಬೆಂಕಿ ಹತ್ತಿತು. ಅಲ್ಲೇ ಆಪರೇಟರ್ ಆಗಿದ್ದ ಅಣ್ಣ ಮನೆಗೆ ಮರಳಲಿಲ್ಲ.

‘ತಂಗಿ ಮಾಡಿದ ಕೊಳವೆಯೇ ಕಳಪೆಯಂತೆ’ ಎಂದು ಕಾರ್ಖಾನೆಯಲ್ಲಿ ಗುಸುಗುಸು ಎದ್ದಿತ್ತು. ನನ್ನ ಕೈಯಾರೆ ಅಣ್ಣನನ್ನು ಸುಟ್ಟೆನಾ...? ಇವನು ತಪ್ಪೊಪ್ಪಿಕೊಂಡ ಸುದ್ದಿ ಬಂದ ಮೇಲೆ ಅವಳಿಗೆ ಉಸಿರು ಬಂತು. ಜೊತೆಗೆ ದ್ವೇಷವೂ!

“ಡ್ರೆಸ್ಸಿಂಗ್ ಬದಲಿಸ್ಬೇಕು, ಸ್ವಲ್ಪ ಸರೀರಮ್ಮ,” ಎನ್ನುತ್ತ ನರ್ಸ್ ಹೊದಿಕೆ ಸರಿಸಿ ಪಟ್ಟಿ ಬಿಚ್ಚಿದಳು.

ಅವನ ಬೆನ್ನಿಡೀ ಬೆಂದಿತ್ತು. ಮುಖದಲ್ಲಿ, ಕೈಯಲ್ಲಿ ಒಂದು ಬೊಬ್ಬೆಯೂ ಇಲ್ಲ!

ಗ್ಯಾಸ್ ಬಿಡುವ ವಾಲ್ವ್ ಇರುವುದು ಕೊಳವೆಗೆ ಎದುರಾಗಿ. ತೆರೆದವರ ಮುಖ, ಕೈ ಮೊದಲು ಸುಡಬೇಕು. ಶವಾಗಾರದಲ್ಲಿ ಅಣ್ಣನ ಕರಕಲಾದ ಕೈಗಳನ್ನು ಅವಳು ನೋಡಿದ್ದಳು...

ನರ್ಸ್ ಹೋಗುವವರೆಗೂ ಅವಳು ಕದಲಲಿಲ್ಲ.

“ವಾಲ್ವ್ ತೆಗೆದಿದ್ದು ನೀವಲ್ಲ. ನಿಜ ಹೇಳಿ.”

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಮ್ಯಾನೇಜರ್ ಅವಸರ ಮಾಡಿದ್ರು. ನಿಮ್ಮಣ್ಣ ತೆಗೆದ. ನಾನು ಬಾಗಿಲ ಹತ್ರ ಇದ್ದೆ. ಓಡಿ ಹೋಗಿ, ಬೆಂಕಿಗೆ ಬೆನ್ನು ಕೊಟ್ಟು ಅವನನ್ನ ತಬ್ಬಿ ಎಳ್ಕೊಂಡು ಬಂದೆ... ಉಳಿಸೋಕಾಗ್ಲಿಲ್ಲ.”

“ಮತ್ಯಾಕೆ ಈ ಸುಳ್ಳು?”

“ಸತ್ತವನ ಮೇಲೆ ಹೇಗೆ ಹೇಳ್ಲಿ? ಸುಮ್ನಿದ್ರೆ ನಿಮ್ಮ ತಲೆಗೇ ಕಟ್ತಿದ್ರು.” ಅವನ ದನಿ ಒಡೆಯಿತು. “ಒಂದೊಂದು ಕೊಳವೆನೂ ಹಸುಗೂಸಿನ ಥರ ಬಟ್ಟೇಲಿ ಸುತ್ತಿ ತರ್ತಿದ್ರಿ. ನೀವು ಬರೋ ದಿನಕ್ಕೇ ಕಾಯ್ತಿದ್ದೆ... ಮಾತಾಡ್ಸೋ ಧೈರ್ಯ ಮಾತ್ರ ಬರ್ಲಿಲ್ಲ.”

ಅವಳು ಸ್ಟೂಲಿನ ಮೇಲೆ ಕುಸಿದಳು. ಅಣ್ಣ ಹೋದ ಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಅವನು ತಡೆಯಲಿಲ್ಲ.

“ವಿಚಾರಣೇಲಿ ಇದ್ದದ್ದು ಇದ್ದ ಹಾಗೆ ಹೇಳೋಣ,” ಎಂದಳು ಕೊನೆಗೆ. “ಮ್ಯಾನೇಜರ್ ಹೇಳಿದ್ದನ್ನೂ ಸೇರಿಸಿ.”

“ನಿಮ್ಮತ್ತಿಗೆ ತಡ್ಕೋತಾರಾ?”

“ಅವಳಿಗೆ ನಾನಿದ್ದೀನಿ.”

“ನಿಮಗೆ?”

ಅವಳು ಅವನ ಬೆರಳುಗಳನ್ನು ಮೆಲ್ಲಗೆ ಹಿಡಿದಳು.

“ಮೊದಲು ಎದ್ದು ಓಡಾಡಿ... ಆಮೇಲೆ ಕೇಳಿ.”

“ಕೇಳಿದ್ರೆ?”

“ಇಲ್ಲ ಅನ್ನಲ್ಲ.”