ಎಂಬತ್ನಾಲ್ಕು ಓಟು

ಸೋಮವಾರ ಬೆಳಿಗ್ಗೆ ಗೋವಿಂದರಾಜನಗರದ ತನ್ನ ಕನ್ನಡಕದ ಅಂಗಡಿಯ ಶಟರ್ ಎತ್ತಿ ಫೋನ್ ತೆರೆದ ಕೊಟ್ರೇಶನ ಎದೆ ಧಸಕ್ಕೆಂದಿತು.

ತಾರಸಿ ತೋಟದವರ ಆನ್‌ಲೈನ್ ಪ್ರಶ್ನೋತ್ತರ ಬಳಗದಲ್ಲಿ ಅಡ್ಮಿನ್ ಚನ್ನಕೇಶವ ಅವರ ನೋಟಿಸು: 'ಸ್ಪಂದನ ಅವರ ಎಂಬತ್ನಾಲ್ಕು ಉತ್ತರಗಳಿಗೂ ನಿನ್ನೆ ಒಂದೇ ಮಧ್ಯಾಹ್ನ, ಒಂದೇ ಖಾತೆಯಿಂದ ಓಟು ಬಿದ್ದಿದೆ. ಖಾತೆಯ ಹೆಸರು ಬದನೆಗಿಡ. ಫೋಟೊ ಇಲ್ಲ. ಓಟುಗಳು ರದ್ದಾಗಿವೆ. ಇದು ಸ್ಪಂದನ ಅವರದೇ ಕಳ್ಳ ಖಾತೆಯಲ್ಲ ಎಂದು ಸಂಜೆಯೊಳಗೆ ತಿಳಿಯದಿದ್ದರೆ ಅವರನ್ನು ಬಳಗದಿಂದ ತೆಗೆಯಲಾಗುವುದು.'

ಬದನೆಗಿಡ ಬೇರೆ ಯಾರೂ ಅಲ್ಲ, ಸಾಕ್ಷಾತ್ ಕೊಟ್ರೇಶನೇ!

ದೀಪಾಂಜಲಿ ನಗರದಲ್ಲಿ ಬಳಗದವರು ಬೀಜ ಹಂಚಿಕೊಂಡ ದಿನ ಸ್ಪಂದನಳನ್ನು ಒಮ್ಮೆ ನೋಡಿದ್ದ. ಬಸಳೆ ಕಡ್ಡಿ ಕೈಗಿಡುತ್ತಾ, "ನೀರು ಜಾಸ್ತಿ ಹಾಕಿ ಸಾಯಿಸ್ಬೇಡಿ ಮತ್ತೆ" ಎಂದು ಓರೆಗಣ್ಣಲ್ಲಿ ನೋಡಿ ನಕ್ಕಿದ್ದಳು. ಆಮೇಲೆ ಗಿಡದ ನೆಪದಲ್ಲಿ ನಾಲ್ಕಾರು ಫೋನು. ಹೇಳಬೇಕಾದ್ದು ಮಾತ್ರ ಗಂಟಲು ದಾಟಿರಲಿಲ್ಲ.

ನಿನ್ನೆ ಅವಳ ಉತ್ತರಗಳನ್ನೆಲ್ಲ ಓದುತ್ತಾ ಓದುತ್ತಾ, ಒಂದೊಂದಕ್ಕೂ ಓಟಿನ ಮೇಲ್ಮುಖ ಬಾಣ ಒತ್ತಿಬಿಟ್ಟಿದ್ದ. ಓಟು ಉತ್ತರಕ್ಕೆ, ಬರೆದವರ ಮುಖಕ್ಕಲ್ಲ ಎಂಬುದು ಆ ಬಳಗದ ರಿವಾಜು. ಮನಸ್ಸು ಕೊಟ್ಟವನಿಗೆ ರಿವಾಜೆಲ್ಲಿ ಕಾಣಬೇಕು?

ಫೋನ್ ಹೊಡೆದುಕೊಂಡಿತು. ಅವಳೇ.

"ನೋಡಿದ್ರಾ ಕೊಟ್ರೇಶ್? ನಾಲ್ಕು ವರ್ಷ ಕೂತು ಬರ್ದಿದೀನಿ ರೀ. ಈಗ ನಂಗೆ ನಾನೇ ಓಟ್ ಹಾಕ್ಕೊಂಡೆ ಅಂತಾರೆ!"

"ಅದು... ಯಾರೋ ಇಷ್ಟಪಟ್ಟು ಹಾಕಿರ್ಬೋದು."

"ಇಷ್ಟಾನಾ? ಕರಿಬೇವಿನ ಉತ್ತರ ತಪ್ಪು ಅಂತ ಅದರ ಕೆಳಗೆ ನಾನೇ ಬರ್ದಿದೀನಿ. ಅದಕ್ಕೂ ಓಟು! ಆ ಬದನೆಗಿಡ ಕೈಗೆ ಸಿಗ್ಲಿ, ಬುಡಸಮೇತ ಕಿತ್ತಾಕ್ತೀನಿ."

ಹೇಳಿದರೆ ಅವಳು ಇನ್ನೆಂದೂ ಫೋನ್ ಮಾಡಲಾರಳು. ಸುಮ್ಮನಿದ್ದರೆ ಅವಳ ಮರ್ಯಾದೆ ಮಣ್ಣುಪಾಲು. ಫೋನಿಟ್ಟವನೇ ಖಾತೆಗೆ ತನ್ನ ನಿಜ ಹೆಸರು, ಫೋಟೊ, ಅಂಗಡಿ ವಿಳಾಸ ಎಲ್ಲ ಹಾಕಿ ಬರೆದ: 'ಬದನೆಗಿಡ ನಾನೇ. ಸ್ಪಂದನ ಅವರಿಗೆ ಏನೂ ಗೊತ್ತಿಲ್ಲ. ಉತ್ತರಗಳೆಲ್ಲ ಉಪಯುಕ್ತ ಅನ್ನಿಸಿ ಓಟು ಹಾಕಿದೆ. ತೆಗೆಯುವುದಾದರೆ ನನ್ನನ್ನು ತೆಗೆಯಿರಿ.'

ಮಧ್ಯಾಹ್ನದ ಹೊತ್ತಿಗೆ ಚನ್ನಕೇಶವ ಎಲ್ಲರೆದುರು ಅವಳ ಕ್ಷಮೆ ಕೇಳಿದರು. ಅವಳ ಫೋನು ಮಾತ್ರ ಬರಲಿಲ್ಲ.

ಸಂಜೆ ಐದಕ್ಕೆ ಅವನ ಬರಹದ ಪಕ್ಕದಲ್ಲಿ ಕೆಳಮುಖದ ಕೆಂಪು ಬಾಣ. ಮೈನಸ್ ಒಂದು. ಹಾಕಿದವರು: ಸ್ಪಂದನ.

ಕೆಳಮುಖದ ಬಾಣ ಒತ್ತಿದವರು ಕಾರಣ ಬರೆಯಲೇಬೇಕು, ಅದೂ ಅಲ್ಲಿನ ರಿವಾಜೇ. ಒಂದು ಕಣ್ಣು ಮುಚ್ಚಿಕೊಂಡೇ ಓದಿದ.

'ಉತ್ತರಗಳೆಲ್ಲ ಉಪಯುಕ್ತ ಅನ್ನೋದು ಸುಳ್ಳು, ಅದಕ್ಕೇ ಈ ಓಟು. ನಿಜವಾದ ಕಾರಣ ಬರೆದಿಲ್ಲ. ನಿಮ್ಮ ಅಂಗಡಿ ಹೊರಗೇ ನಿಂತಿದೀನಿ, ಬಾಯಿಬಿಟ್ಟು ಹೇಳಿ.'

ಬೆಚ್ಚಿಬಿದ್ದು ತಲೆಯೆತ್ತಿದ. ಗಾಜಿನ ಬಾಗಿಲು ತಳ್ಳಿಕೊಂಡು ಅವಳು ಒಳಗೇ ಬಂದಳು.

"ಹೇಳ್ತೀರೋ, ಇನ್ನೊಂದು ಮೈನಸ್ ಹಾಕ್ಲೋ?"

"ಇಷ್ಟ ರೀ," ಎಂದ, ಫ್ರೇಮ್ ಆರಿಸುತ್ತಿದ್ದ ಆಂಟಿಯ ಎದುರೇ. "ನೀವಂದ್ರೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಇಷ್ಟು ಹೇಳೋಕೆ ಎಂಬತ್ನಾಲ್ಕು ಓಟ್ ಯಾಕ್ರೀ ಬೇಕಿತ್ತು? ಒಂದೇ ಒಂದು ಸಲ ಕೇಳಿಸ್ಕೊಳ್ಳೋಕೆ ನಾನು ಬಸಳೆ ಕೊಟ್ಟ ದಿನದಿಂದ ಕಾಯ್ತಾ ಇದೀನಿ."