ಬೆನ್ನಿಗಂಟಿದ ಮಣ್ಣು

ಬೆಳಗಿನ ಹತ್ತಕ್ಕೇ ಬಿಸಿಲು ಐವತ್ತು ಡಿಗ್ರಿ ದಾಟಿತ್ತು. ಅಂಥ ಹೊತ್ತಿನಲ್ಲಿ ಎಪ್ಪತ್ತನಾಲ್ಕರ ಸಿದ್ರಾಯ ಬಿರಾದಾರ ಬಯಲಲ್ಲಿ ನಿಂತು ಬೈಠಕ್ ಹೊಡೆಯುತ್ತಿದ್ದ. ಅವನ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ಮೈಮೇಲಿದ್ದ ಬೂದುಬಣ್ಣದ ತಂಪಂಗಿ ಸಣ್ಣಗೆ ಗುಂಯ್‌ಗುಡುತ್ತ ಅವನ ಮೈಯ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತಿತ್ತು. ಭುಜದ ಮೇಲಿನ ಪುಟ್ಟ ದೀಪ ಹಸಿರಾಗಿತ್ತು.

ಅದು ವಿಜಯಪುರದ ಹೊರವಲಯದ ಮಾಜಿ ಪೈಲ್ವಾನರ ವಿಶ್ರಾಂತಿ ನಗರ. ಅಲ್ಲಿ ಮೂವತ್ತೊಂದು ಮಂದಿ ಮುದುಕರಿದ್ದರು. ಕಿವಿ ಮುದುಡಿದವರು, ಮಂಡಿ ಸವೆದವರು, ಸಿಟ್ಟು ಮಾತ್ರ ಸವೆಯದವರು. ಹಿಂದಿನ ಬೇಸಿಗೆಯಲ್ಲಿ ಬೇವಿನ ಮರದ ನೆರಳಿಗಾಗಿ ನಡೆದ ಬಡಿದಾಟದಲ್ಲಿ ಇಬ್ಬರ ಪಕ್ಕೆಲುಬು ಮುರಿದಿದ್ದವು, ಒಬ್ಬನ ಕಣ್ಣು ಹೋಗಿತ್ತು. ಬಿಸಿಲು ನೆತ್ತಿಗೇರಿದರೆ ಮನುಷ್ಯ ಮೊದಲು ಕಳೆದುಕೊಳ್ಳುವುದು ವಿವೇಕವನ್ನು, ಮತ್ತು ಈ ಮಹನೀಯರ ಬಳಿ ಅದರ ದಾಸ್ತಾನು ಮೊದಲೇ ಕಡಿಮೆ. ಅದಕ್ಕೇ ಉಷ್ಣವಿಜ್ಞಾನಿ ಡಾ. ಅನಸೂಯಾ ಕಟ್ಟೀಮನಿ ತಮ್ಮ ಹೊಸ ಅಂಗಿಗಳನ್ನು ತಂದು ಇಲ್ಲಿಯೇ ಮನೆ ಮಾಡಿಕೊಂಡಿದ್ದರು.

ತಂಪಂಗಿಯ ತತ್ವ ಸರಳ. ಶಾಖವನ್ನು ಯಾರೂ ಇಲ್ಲವಾಗಿಸಲಾರರು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು ಅಷ್ಟೇ. ಅಂಗಿಯ ನೂಲಿನೊಳಗಿನ ಶಾಖನಾಳಗಳು ಮೈಯ ಬಿಸಿಯನ್ನು ಬೆನ್ನ ಮೇಲಿನ ಶಾಖಕೋಶಕ್ಕೆ ಒಯ್ಯುತ್ತವೆ. ಅಲ್ಲಿರುವ ಲವಣ ಬಿಸಿಯನ್ನು ನುಂಗುತ್ತ ಕರಗುತ್ತದೆ. ನಾಲ್ಕೈದು ಗಂಟೆಗಳಲ್ಲಿ ಕೋಶ ತುಂಬಿ ದೀಪ ಕೆಂಪಾಗುತ್ತದೆ. ಆಗ ಹದಿನೈದು ನಿಮಿಷ ತಣ್ಣನೆಯ ಹಸಿಮಣ್ಣಿನ ಮೇಲೆ ಅಂಗಾತ ಮಲಗಿದರೆ ಶಾಖವೆಲ್ಲ ಭೂಮಿಗಿಳಿಯುತ್ತದೆ. ಮಲಗದಿದ್ದರೆ ಅರ್ಧ ಗಂಟೆಯಲ್ಲಿ ಕೋಶ ನುಂಗಿದ್ದನ್ನೆಲ್ಲ ಮೈಗೇ ಕಕ್ಕುತ್ತದೆ. ಕರಗಿದ ಲವಣ ಚೆಲ್ಲಬಾರದೆಂದು ಕೆಂಪುದೀಪ ಹೊತ್ತಿದೊಡನೆ ಗುಂಡಿಗಳು ಬಿಗಿದುಕೊಳ್ಳುತ್ತವೆ. ಆಮೇಲೆ ಅಂಗಿ ಕಳಚಲೂ ಕತ್ತರಿಸಲೂ ಬರುವುದಿಲ್ಲ.

ಹಸಿಮಣ್ಣಿಗಾಗಿ ಅನಸೂಯಾ ಅವರು ವಿಶ್ರಾಂತಿ ನಗರದ ನಡುವಿನ ಕುಸ್ತಿಯ ಕಣವನ್ನೇ ಆರಿಸಿದ್ದರು. ಎಣ್ಣೆ, ಮಜ್ಜಿಗೆ ಹಾಕಿ ಹದಮಾಡಿದ ಕೆಮ್ಮಣ್ಣು, ಮೇಲೆ ಚಪ್ಪರ, ಕೆಳಗೆ ನೀರಿನ ಕೊಳವೆ. ಪೈಲ್ವಾನರಿಗೆ ಮಣ್ಣೆಂದರೆ ಪ್ರಾಣ, ಸಂತೋಷದಿಂದ ಮಲಗುತ್ತಾರೆ ಎಂದುಕೊಂಡಿದ್ದರು. ಆ ಮಣ್ಣಿಗೆ ಬೆನ್ನು ತಾಗಿದವನು ಸೋತವನು ಎಂಬುದು ಅವರ ತಲೆಗೆ ಹೊಳೆದಿರಲೇ ಇಲ್ಲ.

ಹೊಳೆಯಿಸುವ ಕೆಲಸವನ್ನು ಮೌಲಾಸಾಬ್ ಮಾಡಿದ. ಐವತ್ತು ವರ್ಷ ಕುಸ್ತಿಗಳಲ್ಲಿ ಪಂಚನಾಗಿ ತೀರ್ಪು ಹೇಳಿದ ಮುದುಕ ಆತ. ಈಗಲೂ ಕೊರಳಲ್ಲಿ ಸೀಟಿ ಹಾಕಿಕೊಂಡು ಕಣದಂಚಿನ ಕುರ್ಚಿಯಲ್ಲಿ ದಿನವಿಡೀ ಕೂತಿರುತ್ತಿದ್ದ. ಮೊದಲ ದಿನ ಯಮನೂರಿ ಎಂಬ ಪಾಪದವನು ಅಂಗಾತ ಮಲಗಿದ್ದೇ ತಡ, ಸೀಟಿ ಊದಿ "ಚಿತ್!" ಎಂದು ಕೂಗಿಬಿಟ್ಟ. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಮನೂರಿ ದೀಪ ಹಸಿರಾಗುತ್ತಲೇ ಎದ್ದು ಮಣ್ಣು ಕೊಡವಿಕೊಂಡು ಹೋದ, ಮತ್ತೆ ಕಣದತ್ತ ಬರಲಿಲ್ಲ. ಮೂರನೆಯ ದಿನ ಅವನ ಹೆಣ ಹಿತ್ತಲಲ್ಲಿ ಸಿಕ್ಕಿತು. ಬೆನ್ನು ಬೆಂದು ಅಂಗಿ ಚರ್ಮಕ್ಕೆ ಅಂಟಿತ್ತು. ಬೋರಲಾಗಿ ಬಿದ್ದಿದ್ದ; ಸಾಯುವಾಗಲೂ ಬೆನ್ನನ್ನು ನೆಲಕ್ಕೆ ಕೊಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಎಲ್ಲರೂ ದೀಪ ಹಳದಿಯಾಗುತ್ತಲೇ ಅಂಗಿ ಕಳಚಿ ಎಸೆದು, ಉಳಿದ ಹಗಲೆಲ್ಲ ಧಗೆಯಲ್ಲಿ ಬೇಯತೊಡಗಿದರು. ಅನಸೂಯಾ ಸಿದ್ರಾಯನನ್ನು ಹಿಡಿದು ನಿಲ್ಲಿಸಿದರು.

"ಕಾಕಾ, ಹದಿನೈದು ನಿಮಿಷ ಮಲಗೂದಕ್ಕ ಏನ್ ಅಡ್ಡಿರಿ? ಒಂದು ಜೀವ ಹೋತು."

"ಅಂಗಿ ನೀ ಮಾಡೀಯವ್ವಾ, ಖರೆ. ಆದ್ರ ಬೆನ್ನು ನಮ್ದು. ಇದನ್ನ ಮಣ್ಣಿಗೆ ಹಚ್ಚಬಾರದಂತ ಹಲ್ಲು ಮುರಿಸ್ಕೊಂಡು ಬದುಕೀವಿ."

"ಇದು ಕುಸ್ತಿ ಅಲ್ಲಲ್ರೀ!"

"ಪಂಚ ಕಣ್ಣಿಲೆ ಕಂಡ್ರ ಕುಸ್ತಿನೇ. ಪಂಚ ಕಾಣದ್ದು ಏನೂ ಅಲ್ಲ. ಇಷ್ಟ ನಮ್ಮ ಕಾಯ್ದೆ."

ಹಾಗೆಂದ ಸಿದ್ರಾಯನ ಕಣ್ಣು ಚಪ್ಪರದ ಕಂಬಕ್ಕೊರಗಿ ನಿಂತಿದ್ದ ಗೋಕಾಕದ ಲಗಮಣ್ಣನ ಮೇಲಿತ್ತು. ನಲವತ್ತು ವರ್ಷದ ಹಿಂದೆ ಜಮಖಂಡಿಯಲ್ಲಿ ಇಬ್ಬರೂ ಒಂದೂಕಾಲು ಗಂಟೆ ಸೆಣಸಿದ್ದರು. ಯಾರ ಬೆನ್ನೂ ಮಣ್ಣು ಮುಟ್ಟದ್ದರಿಂದ ಇದೇ ಮೌಲಾಸಾಬ್ ಬರಾಬರಿ ಎಂದು ತೀರ್ಪು ಕೊಟ್ಟಿದ್ದ. ಅಂದಿನಿಂದ ಬೈಗುಳ ಬಿಟ್ಟರೆ ಅವರ ನಡುವೆ ಮಾತಿಲ್ಲ. ಸಾಯುವುದರೊಳಗೆ ಆ ಬೆನ್ನಿಗೆ ಮಣ್ಣು ಹಚ್ಚಬೇಕು ಎಂಬುದೊಂದೇ ಸಿದ್ರಾಯನಿಗೆ ಉಳಿದಿದ್ದ ಆಸೆ.

ಮರುದಿನ ಮಧ್ಯಾಹ್ನ ಲಗಮಣ್ಣನ ದೀಪ ಕೆಂಪಾಯಿತು. ಹಳದಿಯಾದದ್ದನ್ನು ಅವನ ಪೊರೆಗಣ್ಣು ಕಂಡಿರಲಿಲ್ಲ. ಗುಂಡಿಗಳು ಬಿಗಿದುಕೊಂಡಿದ್ದವು. ಕಣದ ನಡುವೆ ನಿಂತು ಎದೆ ತಟ್ಟಿಕೊಂಡು ಕೂಗಿದ. "ಸುಟ್ಟು ಬೂದಿ ಆಗ್ತೀನಿ. ಮಲಗಂಗಿಲ್ಲ!" ಇಪ್ಪತ್ತು ನಿಮಿಷ ಕಳೆಯಿತು. ಸುಟ್ಟ ಕೂದಲಿನ ವಾಸನೆ ಬಂತು. ಅನಸೂಯಾ ಓಡಿಹೋಗಿ ಅವನ ತೋಳು ಹಿಡಿದು ಎಳೆದರು. ಲಗಮಣ್ಣ ಕೈ ಬೀಸಿದ ಏಟಿಗೆ ಅವರು ಕಣದಾಚೆ ಹೋಗಿ ಬಿದ್ದರು. ತುಟಿ ಒಡೆದು ರಕ್ತ ಸುರಿಯಿತು.

ಸಿದ್ರಾಯ ಕಣಕ್ಕೆ ಹಾರಿದ. ಅನಸೂಯಾರನ್ನು ಕಂಡು ಮರುಕದಿಂದ ಹಾರಿದನೆಂದರೆ ಸುಳ್ಳಾದೀತು. ನಲವತ್ತು ವರ್ಷದ ಹಸಿವು ಅವನನ್ನು ನೂಕಿತ್ತು.

ಲಗಮಣ್ಣ ತಲೆಯಿಂದಲೇ ಗುದ್ದಿದ. ಸಿದ್ರಾಯನ ಮೂಗು ಕಟಕ್ಕೆಂದಿತು, ಬಾಯಿತುಂಬ ಉಪ್ಪುಪ್ಪು ರಕ್ತ. ಅವನು ಒಂದು ಹಲ್ಲು ಉಗಿದು, ಬಗ್ಗಿ ಲಗಮಣ್ಣನ ಸೊಂಟಕ್ಕೆ ಕೈ ಹಾಕಿದ. ಕೈ ಬೆನ್ನಿಗೆ ತಾಗಿದ್ದೇ ಅಂಗೈ ಚುರ್ರೆಂದಿತು. ಕಾದ ಹೆಂಚು! ಆಗ ಸಿದ್ರಾಯನಿಗೆ ಅರಿವಾಯಿತು. ಈ ಮೂರ್ಖ ನಿಜವಾಗಿಯೂ ಸಾಯುತ್ತಿದ್ದಾನೆ. ಇವನು ಸತ್ತರೆ ನಾಳೆ ಬೆಳಿಗ್ಗೆ ಯಾರನ್ನು ಬೈಯಲಿ, ಯಾರನ್ನು ಸೋಲಿಸಬೇಕೆಂದು ಬೈಠಕ್ ಹೊಡೆಯಲಿ?

ಕೈ ಬೇಯುತ್ತಿದ್ದರೂ ಹಿಡಿತ ಬಿಡಲಿಲ್ಲ. ಲಗಮಣ್ಣ ಅವನ ಕಿವಿ ಕಚ್ಚಿ ಹರಿದ, ಮೊಣಕಾಲಿನಿಂದ ಹೊಟ್ಟೆಗೆ ಒದ್ದ. ಸಿದ್ರಾಯ ಅವನ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು ಅಗಸರ ಬಟ್ಟೆಯಂತೆ ಎತ್ತಿ ಒಗೆದ. ಲಗಮಣ್ಣನ ಹೆಗಲೆಲುಬು ಮುರಿದ ಸದ್ದು ಎಲ್ಲರಿಗೂ ಕೇಳಿತು. ಬೆನ್ನು ಮಣ್ಣಿಗೆ ಅಪ್ಪಳಿಸಿತು. ಮಣ್ಣಿನಿಂದ ಬುಸ್ಸೆಂದು ಹಬೆ ಎದ್ದಿತು.

"ಊದೋ ಮೌಲಾಸಾಬಾ!" ಎಂದು ಸಿದ್ರಾಯ ಲಗಮಣ್ಣನೆದೆಯ ಮೇಲೆ ಕೂತು ಅರಚಿದ.

ಸೀಟಿ ಮೌಲಾಸಾಬನ ತುಟಿಯಲ್ಲೇ ಇತ್ತು. ಯಮನೂರಿಯ ಬೆಂದ ಬೆನ್ನು ಕಣ್ಣಮುಂದೆ ಬಂದು ಅವನಿಗೆ ಉಸಿರೇ ಹೊರಡಲಿಲ್ಲ.

ಹದಿನೈದು ನಿಮಿಷ ಲಗಮಣ್ಣ ಒದ್ದಾಡಿದ, ಉಗುರಿನಿಂದ ಪರಚಿದ, ಸಿದ್ರಾಯನ ಅಪ್ಪ ಅಜ್ಜಂದಿರನ್ನೆಲ್ಲ ಹೊರಗೆಳೆದು ಬೈದ. ಸಿದ್ರಾಯ ಅಲುಗಲಿಲ್ಲ. ಕೊನೆಗೆ ದೀಪ ಹಸಿರಾಯಿತು. ಸಿದ್ರಾಯ ಏಳುವಾಗಲೇ ತನ್ನ ಭುಜ ನೋಡಿಕೊಂಡದ್ದು. ಸೆಣಸಾಟದಲ್ಲಿ ಹುಟ್ಟಿದ ಬಿಸಿಯನ್ನೆಲ್ಲ ಅವನ ಅಂಗಿ ನುಂಗಿತ್ತು. ದೀಪ ಕೆಂಪಾಗಿತ್ತು, ಗುಂಡಿಗಳು ಬಿಗಿದಿದ್ದವು.

"ಕಾಕಾ, ಮಲಗ್ರಿ!" ಅನಸೂಯಾ ಅತ್ತುಬಿಟ್ಟರು. ಕಣದ ಸುತ್ತ ನಿಂತ ಮುದುಕರೆಲ್ಲ ಅವನನ್ನೇ ನೋಡುತ್ತಿದ್ದರು. ಸಿದ್ರಾಯ ಕಾಲು ಅಗಲಿಸಿ ನಿಂತೇ ಇದ್ದ. ಬೆನ್ನು ಚುರುಗುಟ್ಟತೊಡಗಿತು. ಗೆದ್ದ ಕಣದಲ್ಲೇ ತಾನಾಗಿ ಚಿತ್ ಆಗುವುದೆಂದರೆ ಏನು ಮಾತು? ಕೆಡವುವ ತಾಕತ್ತಿದ್ದ ಒಬ್ಬನೇ ಒಬ್ಬ ಹೆಗಲು ಮುರಿದುಕೊಂಡು ಕೆಳಗೆ ಕೂತಿದ್ದ.

ಆ ಒಬ್ಬ ನರಳುತ್ತ ಮೇಲೆದ್ದ. ಕೆಡವಲು ಹೋಗಲಿಲ್ಲ. ಸಿದ್ರಾಯನಿಗೆ ಬೆನ್ನು ಮಾಡಿ ನಿಂತು ಮೌಲಾಸಾಬನಿಗೆ ಹೇಳಿದ.

"ಮಾರಿ ಆ ಕಡೆ ತಿರುವು. ಎಲ್ಲಾರೂ ತಿರುಗ್ರಿ. ಕಾಯ್ದೆ ಗೊತ್ತದಲ್ಲ? ಪಂಚ ಕಾಣದ್ದು ಏನೂ ಅಲ್ಲ."

ಮೌಲಾಸಾಬ್ ಕುರ್ಚಿಯನ್ನೇ ಗೋಡೆಯತ್ತ ತಿರುಗಿಸಿ ಕೂತ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಅನಸೂಯಾ ಕೂಡ ತಿರುಗಿ ನಿಂತರು. ಅವರ ಯಾವ ಪ್ರಯೋಗದಲ್ಲೂ ಮುಖ ತಿರುಗಿಸುವುದೆಂಬ ಉಪಕರಣದ ಉಲ್ಲೇಖವಿರಲಿಲ್ಲ.

ಸಿದ್ರಾಯ ಮೆಲ್ಲಗೆ ಕೂತ, ಆಮೇಲೆ ಮಲಗಿದ. ಮಣ್ಣು ಇಷ್ಟು ತಣ್ಣಗಿರುತ್ತದೆಂದು ಎಪ್ಪತ್ತನಾಲ್ಕು ವರ್ಷ ಅವನಿಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು.

ತುಸು ಹೊತ್ತಿನ ಮೇಲೆ ಲಗಮಣ್ಣ ತಿರುಗದೆಯೇ ಕೇಳಿದ. "ಮಲಗೀಯೇನೋ?"

"ಇಲ್ಲ. ನಿಂತೀನಿ."

ಲಗಮಣ್ಣನ ಬೆನ್ನಿಗಂಟಿದ್ದ ಕೆಮ್ಮಣ್ಣು ಸಿದ್ರಾಯನ ಕಣ್ಣೆದುರಿಗೇ ಇತ್ತು. ನಲವತ್ತು ವರ್ಷ ಕನಸಿನಲ್ಲಿ ಕಂಡ ಮಣ್ಣು.

"ಸಿದ್ರಾಯಾ," ಗೋಡೆಯತ್ತ ಮುಖಮಾಡಿದ್ದ ಮೌಲಾಸಾಬ್ ಕೇಳಿದ, "ಇವತ್ತಿನ ತೀರ್ಪು ಏನ್ ಹೇಳ್ಲಿ?"

ಸಿದ್ರಾಯ ಆ ಮಣ್ಣನ್ನು ಕಣ್ತುಂಬ ನೋಡಿದ.

"ಜಮಖಂಡ್ಯಾಗ ಏನ್ ಹೇಳಿದ್ದಿ, ಅದನ್ನೇ ಹೇಳು."